ಕಿಲ್‌ಮಕ್‌ಥಾಮಸ್‌ನ ಎಂಟು ಕಮಾನಿನ ಸೇತುವೆ ಮೇಲೆ ಸೈಕಲ್ ಓಡಬೇಕಾ, ರೈಲು ಓಡಬೇಕಾ?

ಎರಡು ಚಕ್ರ

ಐರ್ಲೆಂಡಿನಲ್ಲಿರುವ ನಮ್ಮವರಲ್ಲಿ ಬಹಳಷ್ಟು ಜನ ವಾಟರ್‌ಫರ್ಡ್ ಗ್ರೀನ್‌ವೇ ಮೇಲೆ ಸೈಕಲ್ ಹೊಡೆದಿರುತ್ತೀರಿ. ವಾಟರ್‌ಫರ್ಡ್ ನಗರದಿಂದ ಡಂಗಾರ್ವನ್‌ವರೆಗೆ 46 ಕಿಲೋಮೀಟರ್. ಹಳೆ ರೈಲು ದಾರಿಯ ಮೇಲೆ ಡಾಂಬರು ಹಾಕಿ ಮಾಡಿದ್ದು. ಹೆಚ್ಚುಕಡಿಮೆ ನಡುಮಧ್ಯೆ ಸಿಗುವ ಊರು ಕಿಲ್‌ಮಕ್‌ಥಾಮಸ್. ಮಾಹನ್ ಹೊಳೆ ದಂಡೆಯ ಸಣ್ಣ ಊರು, ಸುಮಾರು ಸಾವಿರ ಜನ ಇರಬಹುದು. ಅಂಗಡಿ ಬೀದಿ ಕಡಿದಾಗಿ ಹೊಳೆ ಕಡೆಗೆ ಇಳಿಯುತ್ತದೆ. ಅಲ್ಲಿ ನಿಂತು ತಲೆ ಎತ್ತಿದರೆ ಮನೆಗಳ ಮಾಡಿಗಿಂತ ಮೇಲೆ ಎಂಟು ಕಮಾನಿನ ಕಲ್ಲಿನ ರೈಲು ಸೇತುವೆ.

1878ರಲ್ಲಿ ಆ ಸೇತುವೆ ಮೇಲೆ ರೈಲು ಶುರುವಾಯಿತು. 1967ರ ಮಾರ್ಚ್‌ನಲ್ಲಿ ಪ್ರಯಾಣಿಕರ ರೈಲು ನಿಂತಿತು. 2017ರ ಮಾರ್ಚ್‌ನಲ್ಲಿ ಅದೇ ದಾರಿ ಗ್ರೀನ್‌ವೇ ಆಗಿ ತೆರೆಯಿತು. ಸರಿಯಾಗಿ 50 ವರ್ಷ.

ನನಗೆ ಇದು ಬಹಳ ಇಷ್ಟದ ಜಾಗ. ಆದರೆ ಇಲ್ಲಿನ ರೈಲು ಪ್ರೇಮಿಗಳ ಹತ್ತಿರ ಈ ಮಾತೆತ್ತಿದರೆ ಸಾಕು, ಮುಖ ಗಂಟು ಹಾಕಿಕೊಳ್ಳುತ್ತಾರೆ. "ಗ್ರೀನ್‌ವೇ ಅಂದರೆ ರೈಲಿಗೆ ಮಾಡುವ ತಿಥಿ ಊಟ" ಅನ್ನುವ ಧಾಟಿ. ಇಲ್ಲಿ ಎರಡೂ ಕಡೆಯವರು ಇದ್ದೀರಿ ಅಂತ ಗೊತ್ತು. ಏನಂತೀರಿ?

ಹಳಿ ಹುಚ್ಚ

ಮುಖ ಗಂಟು ಹಾಕಿಕೊಳ್ಳುವವರಲ್ಲಿ ನಾನೂ ಒಬ್ಬ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಈ ದಾರಿ ಕಟ್ಟಿದ್ದು ವಾಟರ್‌ಫರ್ಡ್, ಡಂಗಾರ್ವನ್ ಅಂಡ್ ಲಿಸ್ಮೋರ್ ರೈಲ್ವೆ ಅನ್ನುವ ಕಂಪನಿ. ಲಿಸ್ಮೋರ್‌ನಿಂದ ಆಚೆ ಫರ್ಮೋಯ್‌ವರೆಗಿನ ಹಳಿ 1872ರಲ್ಲೇ ಬಂದಿತ್ತು. ಅದಕ್ಕೆ ದುಡ್ಡು ಸುರಿದವರು ಲಿಸ್ಮೋರ್ ಕೋಟೆಯ ಒಡೆಯರಾದ ಡ್ಯೂಕ್ ಆಫ್ ಡೆವನ್‌ಶೈರ್. 1878ರಲ್ಲಿ ವಾಟರ್‌ಫರ್ಡ್ ಕಡೆಯ ತುಂಡು ಸೇರಿದ ಮೇಲೆ ಮ್ಯಾಲೋದಿಂದ ವಾಟರ್‌ಫರ್ಡ್‌ವರೆಗೆ ಒಂದೇ ಸರ ಆಯಿತು. ಮ್ಯಾಲೋದಲ್ಲಿ ಡಬ್ಲಿನ್–ಕಾರ್ಕ್ ಮುಖ್ಯ ದಾರಿ ಸಿಗುತ್ತದೆ.

ನಿಜವಾದ ಕಳೆ ಬಂದಿದ್ದು 1906ರಲ್ಲಿ. ವೇಲ್ಸ್‌ನ ಫಿಶ್‌ಗಾರ್ಡ್‌ಗೆ ಹಡಗು ಹೊರಡುವ ರಾಸ್ಲೇರ್ ಬಂದರಿಗೂ ವಾಟರ್‌ಫರ್ಡ್‌ಗೂ ನಡುವೆ ಹಳಿ ಹಾಕಿದರು. ಬ್ಯಾರೋ ನದಿಗೆ ಸೇತುವೆ, ವಾಟರ್‌ಫರ್ಡ್ ಹತ್ತಿರ ಶೂರ್ ನದಿಗೆ ಇನ್ನೊಂದು ಸೇತುವೆ. ಅಲ್ಲಿಂದ ಮುಂದೆ ಕಾರ್ಕ್‌ನಿಂದ ರಾಸ್ಲೇರ್‌ಗೆ ಹಡಗಿನ ಹೊತ್ತಿಗೆ ಸರಿಯಾಗಿ ತಲುಪುವ ಎಕ್ಸ್‌ಪ್ರೆಸ್ ಓಡಿತು. ಇಂಗ್ಲೆಂಡಿಗೆ ದುಡಿಯಲು ಹೋಗುವವರನ್ನು ತುಂಬಿಕೊಂಡು ಕಿಲ್‌ಮಕ್‌ಥಾಮಸ್‌ನಂಥ ಊರಿನ ನೆತ್ತಿ ಮೇಲೆ ಹಾದು ಹೋಗುತ್ತಿತ್ತು. ಅಂದರೆ ಇದು ಎಲ್ಲೋ ಮೂಲೆಯ ಲೋಕಲ್ ದಾರಿ ಅಲ್ಲ, ಸ್ವಾಮಿ. ದಕ್ಷಿಣ ಐರ್ಲೆಂಡನ್ನು ಅಡ್ಡಲಾಗಿ ಸೇರಿಸುವ ದೊಡ್ಡ ದಾರಿ.

ಇವತ್ತು ವಾಟರ್‌ಫರ್ಡ್‌ನಿಂದ ಕಾರ್ಕ್‌ಗೆ ರೈಲಿನಲ್ಲಿ ಹೋಗಿ ನೋಡಿ. ಮೊದಲು ಉತ್ತರಕ್ಕೆ, ಲಿಮರಿಕ್ ಜಂಕ್ಷನ್‌ಗೆ. ಅಲ್ಲಿ ಇಳಿದು, ಕಾದು, ಇನ್ನೊಂದು ರೈಲು ಹತ್ತಿ ಮತ್ತೆ ದಕ್ಷಿಣಕ್ಕೆ. ಯಾರೂ ಹೋಗುವುದಿಲ್ಲ, ಬಸ್ ಹಿಡಿಯುತ್ತಾರೆ. ನೇರ ದಾರಿಯ ಒಂದು ಭಾಗದ ಮೇಲೆ ಜನ ಐಸ್‌ಕ್ರೀಮ್ ತಿನ್ನುತ್ತಾ ಸೈಕಲ್ ಹೊಡೆಯುತ್ತಿದ್ದಾರೆ. ಇದನ್ನು ಪರಂಪರೆ ಉಳಿಸಿದ್ದು ಅಂತ ನೀವು ಕರೆದರೆ ನಾನು ಸುಮ್ನೆ ಕೂರಬೇಕಾ?

ವಾಟರ್‌ಫರ್ಡ್ ಅಕ್ಕ

ಐಸ್‌ಕ್ರೀಮ್ ಮೇಲೆ ಯಾಕಪ್ಪಾ ಸಿಟ್ಟು? ನಾನೂ ತಿಂದಿದ್ದೇನೆ.

ನಾನು ಈ ಕಡೆಯವಳೇ, ನರ್ಸ್ ಕೆಲಸ. ಆ ಊರಿನ ಬಗ್ಗೆ ಒಂದೆರಡು ಮಾತು ಹೇಳುತ್ತೇನೆ, ಯಾಕಂದರೆ ಎಲ್ಲರೂ ಸೇತುವೆಯ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಕೆಳಗೆ ಊರಿಗೆ ಇಳಿಯುವುದೇ ಇಲ್ಲ.

ಇಳಿದರೆ ಹೊಳೆ ಪಕ್ಕ ಓಟ್ಸ್ ಗಿರಣಿ ಇದೆ. ಫ್ಲಾಹವನ್ಸ್ ಪೊಟ್ಟಣ ನಿಮ್ಮ ಅಡುಗೆಮನೆಯಲ್ಲೂ ಇರಬಹುದು, ಬರುವುದು ಅಲ್ಲಿಂದಲೇ. 200 ವರ್ಷಕ್ಕೂ ಮೀರಿ ಅದೇ ಮನೆತನ, ಅದೇ ಹೊಳೆ. ಹೊಳೆ ನೀರಿನಿಂದ ಈಗಲೂ ಒಂದಿಷ್ಟು ಕರೆಂಟು ತೆಗೆಯುತ್ತಾರೆ. ಓಟ್ಸ್‌ನ ಹೊಟ್ಟನ್ನೇ ಉರಿಸಿ ಹಬೆ ಮಾಡಿ ಕಾಳು ಬೇಯಿಸುತ್ತಾರೆ. ರೈಲು ಬರುವುದಕ್ಕೆ ಎಷ್ಟೋ ಮೊದಲೇ ಇದ್ದ ಗಿರಣಿ, ರೈಲು ಹೋದ ಮೇಲೂ ಇದೆ.

ಮೇಲ್ಗಡೆ ಗ್ರೀನ್‌ವೇ ಪಕ್ಕದಲ್ಲಿ ಬೂದು ಕಲ್ಲಿನ ದೊಡ್ಡ ಕಟ್ಟಡಗಳಿವೆ. ಜನ ಅದನ್ನು ಹಳೆ ಸ್ಟೇಷನ್ನಿನ ಭಾಗ ಅಂದುಕೊಳ್ಳುತ್ತಾರೆ. ಅಲ್ಲ. ಅದು ವರ್ಕ್‌ಹೌಸ್. 1840ರ ದಶಕದ ಆಲೂಗಡ್ಡೆ ಬರಗಾಲದ ಬೆನ್ನಿಗೇ ಕಟ್ಟಿದ್ದು. ಗತಿ ಇಲ್ಲದವರು ಅಲ್ಲಿ ಸೇರಬೇಕಿತ್ತು. ಸೇರಿದ ಮೇಲೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಈಗ ಅದರ ಅಂಗಳದಲ್ಲಿ ಕಾಫಿ, ಕೇಕ್, ಬಾಡಿಗೆ ಸೈಕಲ್. ಅಲ್ಲಿ ಕೂತು ಸ್ಕೋನ್ ತಿನ್ನುವಾಗ ನನಗೆ ಒಂಥರಾ ಆಗುತ್ತದೆ. ಹಾಗಂತ ಬೀಗ ಹಾಕಿಟ್ಟು ಮಾಡು ಕುಸಿದು ಬಿದ್ದಿದ್ದರೆ ಚೆನ್ನಾಗಿರುತ್ತಿತ್ತಾ? ಅದೂ ಇಲ್ಲ.

ಮಂಡ್ಯ ಮಳೆ

ಅಕ್ಕಾ, ಹಾಲಿವುಡ್ ನಟ ಟೈರನ್ ಪವರ್ ಇದ್ದರಲ್ವಾ, ಅವರ ಮುತ್ತಜ್ಜ ಹುಟ್ಟಿದ್ದು ಇದೇ ಕಿಲ್‌ಮಕ್‌ಥಾಮಸ್‌ನಲ್ಲಿ, 1797ರಲ್ಲಿ. ಅವರ ಹೆಸರೂ ಟೈರನ್ ಪವರ್, ಅವರೂ ನಟರೇ. 1841ರಲ್ಲಿ ನ್ಯೂಯಾರ್ಕ್‌ನಿಂದ ಬರುವಾಗ ಎಸ್‌ಎಸ್ ಪ್ರೆಸಿಡೆಂಟ್ ಅನ್ನುವ ಹಬೆ ಹಡಗು ಅಟ್ಲಾಂಟಿಕ್‌ನಲ್ಲಿ ಕಾಣೆಯಾಯಿತು. ಅದರಲ್ಲಿದ್ದ ಒಬ್ಬರೂ ಸಿಗಲಿಲ್ಲ, ಅವರೂ ಸಹ. ರೈಲಿಗೂ ಇದಕ್ಕೂ ಸಂಬಂಧ ಇಲ್ಲ, ಸುಮ್ನೆ ಹೇಳಿದೆ.

ಸಿವಿಲ್ ಕಟ್ಟೆ

ಹಳಿ ಹುಚ್ಚ ಅವರ ಬೇಜಾರು ಅರ್ಥವಾಗುತ್ತದೆ. ಆದರೆ ಸೇತುವೆ ಕಡೆಯಿಂದ ನೋಡಿದರೆ ಲೆಕ್ಕ ಬೇರೆ.

ಕಲ್ಲಿನ ಕಮಾನು ಭಾರಕ್ಕೆ ಹೆದರುವುದಿಲ್ಲ. ಮೇಲಿನಿಂದ ಒತ್ತಿದಷ್ಟೂ ಕಲ್ಲುಗಳು ಒಂದಕ್ಕೊಂದು ಬಿಗಿಯಾಗಿ ಕೂರುತ್ತವೆ. ರೈಲು ಎಂಜಿನ್ ಹೊತ್ತ ಕಮಾನಿಗೆ ಸೈಕಲ್ ಯಾವ ಲೆಕ್ಕ! ಅದನ್ನು ಕೆಡಿಸುವುದು ನೀರು. ಕಮಾನಿನ ಬೆನ್ನ ಮೇಲೆ ಮಣ್ಣು, ಕಲ್ಲುಚೂರು ತುಂಬಿರುತ್ತಾರೆ. ಮಳೆ ನೀರು ಅದರೊಳಗೆ ಇಳಿಯುತ್ತದೆ. ಹೊರಗೆ ಹೋಗಲು ಸಣ್ಣ ಕಿಂಡಿಗಳು ಇರುತ್ತವೆ. ಕಿಂಡಿ ಕಟ್ಟಿಕೊಂಡರೆ ನೀರು ಒಳಗೇ ನಿಂತು ಕೀಲುಗಳ ಗಾರೆಯನ್ನು ತೊಳೆದುಕೊಂಡು ಹೋಗುತ್ತದೆ. ಚಳಿಗೆ ಹೆಪ್ಪುಗಟ್ಟಿದರೆ ಕಲ್ಲನ್ನು ಮೀಟುತ್ತದೆ. ಆಮೇಲೆ ಬಳ್ಳಿ, ಗಿಡ. ಐವಿ ಬೇರು ಕೀಲಿಗೆ ಇಳಿದರೆ ಅದು ನಮ್ಮ ಕಡೆ ಗುಡಿ ಗೋಪುರದಲ್ಲಿ ಅರಳಿ ಗಿಡ ಹುಟ್ಟಿದ ಹಾಗೆ. ಕಿತ್ತರೂ ಕಷ್ಟ, ಬಿಟ್ಟರೂ ಕಷ್ಟ.

ರೈಲು ಓಡುವಾಗ ಗ್ಯಾಂಗ್‌ಮನ್‌ಗಳು ದಿನಾ ನಡೆದು ನೋಡುತ್ತಾರೆ. ಕಿಂಡಿಗೆ ಕೋಲು ಹಾಕುತ್ತಾರೆ, ಗಿಡ ಕೀಳುತ್ತಾರೆ. ರೈಲು ನಿಂತ ದಿನವೇ ಆ ಕಾಲುಗಳೂ ನಿಲ್ಲುತ್ತವೆ. ಖಾಲಿ ಬಿದ್ದ ಸೇತುವೆ ಮೇಲೆ ಯಾವ ಇಲಾಖೆ ದುಡ್ಡು ಹಾಕುತ್ತದೆ ಹೇಳಿ? ಗ್ರೀನ್‌ವೇ ಆದ್ದರಿಂದ ಅಲ್ಲಿ ಮತ್ತೆ ಜನ ಬಂದರು, ತಡೆಗೋಡೆ ಬಂತು, ಮೇಲಿನ ನೀರು ಹರಿದುಹೋಗುವ ವ್ಯವಸ್ಥೆ ಬಂತು. ಮೂರು ದೊಡ್ಡ ಕಣಿವೆ ಸೇತುವೆ, ಹನ್ನೊಂದು ಸಣ್ಣ ಸೇತುವೆ, 400 ಮೀಟರ್ ಸುರಂಗ. ಎಲ್ಲವೂ ಒಂದೇ ಕೆಲಸದಲ್ಲಿ ದಕ್ಕಿದವು.

ಇನ್ನೊಂದು ವಿಷಯ, ಕಿಲ್‌ಮಕ್‌ಥಾಮಸ್ ಸೇತುವೆ ನೇರ ಇಲ್ಲ, ಬಾಗಿದೆ. ಕಮಾನನ್ನೇ ಬಾಗಿಸಿ ಕಟ್ಟುವುದು ತಲೆನೋವು. ಬಾಗಿದ ಸೇತುವೆಗಳಲ್ಲಿ ಸಾಮಾನ್ಯವಾಗಿ ಕಂಬವನ್ನು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಮಾಡುತ್ತಾರೆ. ಕಮಾನುಗಳು ನೇರವಾಗಿಯೇ ಇರುತ್ತವೆ, ಕಂಬದಿಂದ ಕಂಬಕ್ಕೆ ದಾರಿ ಚೂರುಚೂರೇ ತಿರುಗುತ್ತದೆ. ಮುಂದಿನ ಸಲ ಹೋದವರು ಕೆಳಗೆ ನಿಂತು ಕಂಬಗಳ ಎರಡೂ ಬದಿ ನೋಡಿ.

ಕಾರ್ಕ್ ಕುಂದಾಪ್ರ

ಅಲ್ಲ ಮಾರಾಯ್ರೆ, ಮೂರು ಸೇತುವೆ ಉಳಿಯಿತು ಅಂತೀರಿ. ಬ್ಯಾಲಿವೋಯ್ಲ್ ಸೇತುವೆ 1878ರದ್ದೇ ಅಲ್ಲವಲ್ಲ! ಅದರ ಕಥೆ ಯಾರೂ ಹೇಳಲಿಲ್ಲ.

ಕಿಲ್‌ಮಕ್‌ಥಾಮಸ್‌ನಿಂದ ಪಶ್ಚಿಮಕ್ಕೆ ಹೋದರೆ ಮೊದಲು ಡರ್ರೋ ಸೇತುವೆ, ಆಮೇಲೆ ಡರ್ರೋದ ಪಾಳುಬಿದ್ದ ಸ್ಟೇಷನ್, ಆಮೇಲೆ ಸುರಂಗ. ಸುರಂಗ ದಾಟಿದ ಮೇಲೆ ಬ್ಯಾಲಿವೋಯ್ಲ್ ಕಣಿವೆ. 1922ರಲ್ಲಿ ಐರ್ಲೆಂಡಿನ ಅಂತರ್ಯುದ್ಧ ಶುರುವಾಯಿತು. ಬ್ರಿಟನ್ ಜೊತೆಗಿನ ಒಪ್ಪಂದ ಒಪ್ಪಿದವರು ಒಂದು ಕಡೆ, ಒಪ್ಪದವರು ಇನ್ನೊಂದು ಕಡೆ. ಒಪ್ಪದವರು ಸರ್ಕಾರದ ಪಡೆ ಓಡಾಡಬಾರದು ಅಂತ ರೈಲು ಸೇತುವೆಗಳನ್ನು ಉಡಾಯಿಸತೊಡಗಿದರು. ಬ್ಯಾಲಿವೋಯ್ಲ್ ಸೇತುವೆಯೂ ಹೋಯಿತು. ಅಷ್ಟಕ್ಕೇ ಬಿಡಲಿಲ್ಲ. 1923ರ ಶುರುವಿನಲ್ಲಿ ಡರ್ರೋ ಹತ್ತಿರ ಒಂದು ರೈಲನ್ನು ತಡೆದರು. ಅದರಲ್ಲಿದ್ದವರನ್ನು ಇಳಿಸಿದರು. ಡ್ರೈವರ್ ಇಲ್ಲದ ರೈಲನ್ನು ಮುಂದಕ್ಕೆ ಓಡಿಸಿಬಿಟ್ಟರು. ಅದು ಸುರಂಗದೊಳಗೆ ನುಗ್ಗಿ, ಆಚೆ ಬಂದು, ಸೇತುವೆ ಇಲ್ಲದ ಜಾಗದಿಂದ ಕಣಿವೆಗೆ ಬಿತ್ತು. ಆ ಕಾಲದ ಫೋಟೋ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಎಂಜಿನ್ ಕಣಿವೆಯಲ್ಲಿ ಬಿದ್ದಿದೆ, ಜನ ನಿಂತು ನೋಡುತ್ತಿದ್ದಾರೆ.

1924ರಲ್ಲಿ ಮತ್ತೆ ಕಟ್ಟಿದರು. ಈಗ ನಾವು ಸೆಲ್ಫಿ ತೆಗೆದುಕೊಳ್ಳುವುದು ಅದರ ಮೇಲೆ.

ಹಳಿ ಹುಚ್ಚ

ಒಳ್ಳೆ ಕಥೆ ತೆಗೆದಿರಿ. ಅದಕ್ಕೆ ಬಾಲ ಒಂದಿದೆ.

ಅಂತರ್ಯುದ್ಧದಲ್ಲಿ ಒಪ್ಪಂದದ ವಿರುದ್ಧ ನಿಂತವರಲ್ಲಿ ಟಾಡ್ ಆಂಡ್ರೂಸ್ ಅಂತ ಒಬ್ಬ ಯುವಕ ಇದ್ದರು. ಬ್ಯಾಲಿವೋಯ್ಲ್‌ಗೂ ಅವರಿಗೂ ಸಂಬಂಧ ಇಲ್ಲ, ಅವರು ಬೇರೆ ಕಡೆ. 1958ರಲ್ಲಿ ಅದೇ ಆಂಡ್ರೂಸ್ ಸಿಐಇಗೆ, ಅಂದರೆ ದೇಶದ ಸಾರಿಗೆ ಸಂಸ್ಥೆಗೆ ಅಧ್ಯಕ್ಷರಾದರು. 1966ರವರೆಗೆ ಇದ್ದರು. ಆ ಎಂಟು ವರ್ಷದಲ್ಲಿ ಎಷ್ಟು ದಾರಿ ಮುಚ್ಚಿದವು ನೋಡಿ. ಡಬ್ಲಿನ್‌ನ ಹಾರ್ಕೋರ್ಟ್ ಸ್ಟ್ರೀಟ್ ದಾರಿ 1958ರ ಕೊನೆಗೆ. ನಮ್ಮ ಪಕ್ಕದ ವಾಟರ್‌ಫರ್ಡ್–ಟ್ರಮೋರ್ 1960ರ ಕೊನೆಗೆ. ವೆಸ್ಟ್ ಕಾರ್ಕ್, ವೆಸ್ಟ್ ಕ್ಲೇರ್ ಎರಡೂ 1961ರಲ್ಲಿ. ಮ್ಯಾಲೋ–ವಾಟರ್‌ಫರ್ಡ್ ಸರದಿ ಬಂದಿದ್ದು ಅವರು ಹೋದ ಮರುವರ್ಷ. ಗಾಳಿ ಮಾತ್ರ ಅದೇ.

ಬಂದೂಕು ಹಿಡಿದವರು ಮುರಿದ ಸೇತುವೆ ಒಂದೆರಡು ವರ್ಷದಲ್ಲಿ ಎದ್ದು ನಿಂತಿತು. ಕಡತ ಹಿಡಿದವರು ನಿಲ್ಲಿಸಿದ ರೈಲು ಇನ್ನೂ ಬಂದಿಲ್ಲ.

ಓದುಗ ಧಾರವಾಡ

ಅವರನ್ನೇ ಬೈದರೆ ಏನು ಬಂತ್ರೀ? ಆಗಿನ ರೈಲ್ವೆ ನಷ್ಟದಲ್ಲಿತ್ತು. ಊರೂರಿಗೆ ಬಸ್ಸು, ಲಾರಿ, ಕಾರು ಬಂದಿದ್ದವು. ಹಳ್ಳಿಗಳಿಂದ ಜನವೇ ಖಾಲಿಯಾಗುತ್ತಿದ್ದರು. ಕಿಲ್‌ಮಕ್‌ಥಾಮಸ್ ಸ್ಟೇಷನ್ನಿನಲ್ಲಿ ಹತ್ತಲು ಯಾರಾದರೂ ಇರಬೇಕಲ್ಲ. ದಿನಾ ಎಷ್ಟು ಟಿಕೆಟ್ ಹರಿಯುತ್ತಿತ್ತು ಅನ್ನುವುದನ್ನು ಬಿಟ್ಟು ಬರೀ ಭಾವನೆ ಮೇಲೆ ಮಾತಾಡಿದರೆ ಹೇಗೆ?

ವಾಟರ್‌ಫರ್ಡ್ ಅಕ್ಕ

ಟಿಕೆಟ್ ಲೆಕ್ಕ ಸರಿ. ಆದರೆ ನನ್ನಂಥವರ ಲೆಕ್ಕ ಯಾರು ಇಡುತ್ತಾರೆ? ಬಂದ ಹೊಸದರಲ್ಲಿ ನನಗೆ ಕಾರು ಇರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವುದು, ಮಳೆ, ಗಾಳಿ. ಗ್ರೀನ್‌ವೇ ಬಿಸಿಲಿದ್ದ ಭಾನುವಾರಕ್ಕೆ ಚಂದ. ಜನವರಿ ಸೋಮವಾರ ಬೆಳಿಗ್ಗೆ ಆರಕ್ಕೆ ಅದರ ಮೇಲೆ ಸೈಕಲ್ ತುಳಿದು ಕೆಲಸಕ್ಕೆ ಹೋಗಿ ನೋಡಿ, ಆಮೇಲೆ ಮಾತಾಡೋಣ.

ನನಗೆ ಎರಡೂ ಬೇಕು. ಅಡ್ಡಗೋಡೆ ಮೇಲೆ ದೀಪ ಇಡುತ್ತಿದ್ದೀಯಾ ಅಂತ ಬೈಯಬೇಡಿ.

ಎರಡು ಚಕ್ರ

ಅಕ್ಕ, ಬೈಯುವುದಿಲ್ಲ.

ನನಗೊಂದು ಪ್ರಶ್ನೆ. ದಾರಿ ಇದ್ದದ್ದು ಮ್ಯಾಲೋವರೆಗೆ. ಗ್ರೀನ್‌ವೇ ಯಾಕೆ ಡಂಗಾರ್ವನ್‌ನಲ್ಲೇ ನಿಂತಿತು? ಅಲ್ಲಿಂದ ಆಚೆ ಕಪೊಕ್ವಿನ್, ಲಿಸ್ಮೋರ್, ಫರ್ಮೋಯ್. ಬ್ಲ್ಯಾಕ್‌ವಾಟರ್ ನದಿ ಬಯಲು. ನೋಡಲು ಈ ಕಡೆಗಿಂತ ಏನೂ ಕಡಿಮೆ ಇಲ್ಲ. ಕಪೊಕ್ವಿನ್ ಹತ್ತಿರ ನದಿ ಮೇಲೆ ಕಬ್ಬಿಣದ ರೈಲು ಸೇತುವೆ ಹಾಗೇ ನಿಂತಿದೆ, ಎರಡೂ ತುದಿಯಲ್ಲಿ ದಾರಿ ಇಲ್ಲ.

ಹಳಿ ಹುಚ್ಚ

ಇದು ಸರಿಯಾದ ಪ್ರಶ್ನೆ. ಉತ್ತರ ಡಾಲೊಮೈಟ್ ಕಲ್ಲು.

ತಮಾಷೆ ಅಲ್ಲ. 1967ರಲ್ಲಿ ಮ್ಯಾಲೋದಿಂದ ವಾಟರ್‌ಫರ್ಡ್‌ವರೆಗೆ ಪೂರ್ತಿ ದಾರಿ ಮುಚ್ಚಿತು. ಮಾಮೂಲಿನಂತೆ ಆಗಿದ್ದರೆ ಹಳಿ ಕಿತ್ತು, ಸ್ಲೀಪರ್ ಮಾರಿ, ನೆಲವನ್ನು ಅಕ್ಕಪಕ್ಕದ ಜಮೀನಿನವರಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಆ ಹೊತ್ತಿಗೆ ಡಂಗಾರ್ವನ್ ಹತ್ತಿರ ಬ್ಯಾಲಿನಕೋರ್ಟಿ ಅನ್ನುವ ಕಡಲ ದಂಡೆಯಲ್ಲಿ ಕ್ವಿಗ್ಲಿ ಕಂಪನಿಯ ಮ್ಯಾಗ್ನಸೈಟ್ ಕಾರ್ಖಾನೆ ಬಂತು. ಕಡಲ ನೀರಿನಲ್ಲಿ ಮೆಗ್ನೀಸಿಯಂ ಕರಗಿರುತ್ತದೆ. ಸುಟ್ಟ ಡಾಲೊಮೈಟನ್ನು ಆ ನೀರಿಗೆ ಬೆರೆಸಿದರೆ ಮೆಗ್ನೀಸಿಯಂ ಬಿಳಿ ಗಸಿಯಾಗಿ ಕೆಳಗೆ ಕೂರುತ್ತದೆ. ಅದನ್ನು ಒಣಗಿಸಿ ಜೋರು ಬೆಂಕಿಯಲ್ಲಿ ಸುಟ್ಟರೆ ಉಕ್ಕಿನ ಕುಲುಮೆಯ ಒಳಗೋಡೆಗೆ ಹಾಕುವ, ಎಂಥ ಶಾಖವನ್ನಾದರೂ ತಡೆಯುವ ಸಾಮಾನು ಸಿಗುತ್ತದೆ.

ಕಡಲ ನೀರು ಅಲ್ಲೇ ಇತ್ತು. ಡಾಲೊಮೈಟ್ ಇದ್ದದ್ದು ಕಿಲ್ಕೆನಿ ಕೌಂಟಿಯ ಬೆನೆಟ್ಸ್‌ಬ್ರಿಡ್ಜ್‌ನಲ್ಲಿ. ಲಾರಿಗಿಂತ ರೈಲೇ ಲೇಸು ಅಂತ ಸಿಐಇ ಒಂದು ಸಣ್ಣ ಕವಲು ಹಳಿ ಹಾಕಿತು. 1970ರಿಂದ 1982ರವರೆಗೆ ಡಾಲೊಮೈಟ್ ಹೊತ್ತ ಗೂಡ್ಸ್ ರೈಲುಗಳು ವಾಟರ್‌ಫರ್ಡ್ ದಾಟಿ, ಕಿಲ್‌ಮಕ್‌ಥಾಮಸ್ ಸೇತುವೆ ಮೇಲೆ ಹಾದು ಬ್ಯಾಲಿನಕೋರ್ಟಿಗೆ ಹೋದವು. 1982ರಲ್ಲಿ ಕಾರ್ಖಾನೆ ಮುಚ್ಚಿತು, ರೈಲೂ ನಿಂತಿತು.

ಆ ಹನ್ನೆರಡು ವರ್ಷ ನೆಲವನ್ನು ಯಾರೂ ಮುಟ್ಟಲಿಲ್ಲ. ಆಮೇಲೂ ಹಳಿ ಬಹಳ ಕಾಲ ಪೊದೆಯೊಳಗೆ ಹಾಗೇ ಬಿದ್ದಿತ್ತು. ನೆಲದ ಒಡೆತನ ಸಿಐಇ ಹತ್ತಿರವೇ ಉಳಿಯಿತು. ಬ್ಯಾಲಿನಕೋರ್ಟಿಯಿಂದ ಪಶ್ಚಿಮಕ್ಕೆ ಗೂಡ್ಸ್ ಹೋಗಲಿಲ್ಲ. ಅಲ್ಲಿ ಹಳಿ ಕಿತ್ತರು, ದಾರಿ ತುಂಡು ತುಂಡಾಗಿ ಹೊಲ, ಹಿತ್ತಲು, ಮನೆ ಆಯಿತು. ಅದಕ್ಕೇ ಕಪೊಕ್ವಿನ್ ಸೇತುವೆ ಒಂಟಿ. ಗ್ರೀನ್‌ವೇ ಡಂಗಾರ್ವನ್‌ನಲ್ಲಿ ನಿಂತದ್ದಕ್ಕೂ ಮುಖ್ಯ ಕಾರಣ ಇದೇ.

ಹಾಗಾಗಿ ಸಿವಿಲ್ ಕಟ್ಟೆ ಅವರೇ, ನಿಮ್ಮ ಗ್ರೀನ್‌ವೇ ಈ ಪರಂಪರೆಯನ್ನು ಉಳಿಸುವ ಮೊದಲು ಅದನ್ನು ಕಾಪಾಡಿದ್ದು ಗೂಡ್ಸ್ ರೈಲು. ಯಾವ ಫಲಕದ ಮೇಲೆ ದೊಡ್ಡದಾಗಿ ಬರೆಯುತ್ತಾರೆ ಇದನ್ನು? ಹಬೆ ಎಂಜಿನ್, ಡ್ಯೂಕ್, ಅಂತರ್ಯುದ್ಧ ಎಲ್ಲರಿಗೂ ಬೇಕು. ಧೂಳು ಹಿಡಿದ ಕಲ್ಲಿನ ವ್ಯಾಗನ್ ಯಾರಿಗೂ ಬೇಡ.

ಸಿವಿಲ್ ಕಟ್ಟೆ

ಇದನ್ನು ಒಪ್ಪಿದೆ. ಮತ್ತೆ ಇದು ನನ್ನ ಮಾತಿಗೇ ಪುಷ್ಟಿ ಕೊಡುತ್ತದೆ. ಕೆಲಸ ಇದ್ದಷ್ಟು ದಿನ ಕಟ್ಟಡಕ್ಕೆ ಆಯುಸ್ಸು. ಗೂಡ್ಸ್ ಆಗಲಿ, ಸೈಕಲ್ ಆಗಲಿ.

ಹಳಿ ಹುಚ್ಚ

ಪುಷ್ಟಿ ಎಲ್ಲಿ ಬಂತು ಸರ್! ನಾನು ಹೇಳಿದ್ದು ನೆಲದ ಮಾತು. ನೆಲ ಒಂದೇ ಕೈಯಲ್ಲಿದ್ದರೆ ನಾಳೆ ಏನು ಬೇಕಾದರೂ ಮಾಡಬಹುದು. ಕಾರ್ಕ್ ಹತ್ತಿರದ ಮಿಡಲ್ಟನ್ ನೋಡಿ. 1963ರಲ್ಲಿ ಪ್ರಯಾಣಿಕರ ರೈಲು ನಿಂತಿತು, ದಾರಿಯನ್ನು ಮಾರಲಿಲ್ಲ. 2009ರಲ್ಲಿ ರೈಲು ವಾಪಸ್ ಬಂತು, ಈಗ ದಿನಾ ಜನ ಅದರಲ್ಲಿ ಕೆಲಸಕ್ಕೆ ಹೋಗುತ್ತಾರೆ. ಎನಿಸ್–ಅಥೆನ್‌ರೈ 2010ರಲ್ಲಿ ಮತ್ತೆ ತೆರೆಯಿತು.

ಮಿಡಲ್ಟನ್‌ನಿಂದ ಯೋಲ್‌ಗೆ ಇದ್ದ ಮುಂದಿನ ತುಂಡು ಏನಾಯಿತು? ಹಳಿ ಕಿತ್ತು ಗ್ರೀನ್‌ವೇ ಮಾಡಿದರು. ನನ್ನ ತಕರಾರು ಅಲ್ಲಿದೆ. ಒಮ್ಮೆ ಲಕ್ಷ ಜನ ಸೈಕಲ್ ಹೊಡೆಯಲು ಶುರು ಮಾಡಿದ ಮೇಲೆ, "ಇದನ್ನು ಮುಚ್ಚಿ ರೈಲು ಹಾಕುತ್ತೇವೆ" ಅನ್ನುವ ಧೈರ್ಯ ಯಾವ ರಾಜಕಾರಣಿಗಿದೆ? ಕಾಗದದ ಮೇಲೆ ನೆಲ ಸಿಐಇದ್ದು. ನಿಜದಲ್ಲಿ ಅದು ಸೈಕಲಿನವರದ್ದು.

ಕಾರ್ಕ್ ಕುಂದಾಪ್ರ

ಮಿಡಲ್ಟನ್ ರೈಲಲ್ಲಿ ದಿನಾ ಹೋಗುವವ ನಾನು. ಅದು ಬಂದ ಮೇಲೆ ಆ ಊರಿನ ಬಾಡಿಗೆ ಎಷ್ಟು ಏರಿತು ಅಂತ ಮಾತ್ರ ಕೇಳಬೇಡಿ.

ಆದರೆ ಒಂದು ಮಾತು. ಮಿಡಲ್ಟನ್ ಕಾರ್ಕ್ ನಗರದ ಮಗ್ಗುಲಲ್ಲಿದೆ. ಕಿಲ್‌ಮಕ್‌ಥಾಮಸ್‌ನಲ್ಲಿ ಸಾವಿರ ಜನ. ನಡುವೆ ಹೊಲ, ಬೆಟ್ಟ. ರೈಲು ಬಂದರೂ ನಿಲ್ಲುತ್ತದಾ, ಇಲ್ಲಾ ತಲೆ ಮೇಲೆ ಹಾರಿ ಹೋಗುತ್ತದಾ?

ಓದುಗ ಧಾರವಾಡ

ಅದೇ ನಾನು ಹೇಳಿದ್ದು. ಕೆಳಗೆ ನಿಂತು ಕೈ ಬೀಸುವುದಕ್ಕೆ ಮಾತ್ರ ರೈಲು ಬೇಕಾದರೆ ಕಿಲ್‌ಮೀಡನ್‌ಗೆ ಹೋಗ್ರಿ. ಅಲ್ಲಿ ಪುಟ್ಟ ರೈಲು ಇದೆಯಲ್ಲ.

ಎರಡು ಚಕ್ರ

ಅದರ ಬಗ್ಗೆ ಹೇಳಲೇಬೇಕು. ವಾಟರ್‌ಫರ್ಡ್ ಅಂಡ್ ಶೂರ್ ವ್ಯಾಲಿ ರೈಲ್ವೆ. ಕಿಲ್‌ಮಕ್‌ಥಾಮಸ್‌ಗೂ ವಾಟರ್‌ಫರ್ಡ್‌ಗೂ ನಡುವೆ ಕಿಲ್‌ಮೀಡನ್ ಸ್ಟೇಷನ್ನಿನಿಂದ ಹೊರಡುತ್ತದೆ. ಅದೇ ಹಳೆ ದಾರಿ, ಹಳಿ ಮಾತ್ರ ಹೊಸದು ಮತ್ತು ಸಣ್ಣದು, 914 ಮಿಲಿಮೀಟರ್ ಅಗಲ. ಊರಿನವರೇ ಸೇರಿ ನಡೆಸುವುದು. ಸಣ್ಣ ಡೀಸೆಲ್ ಎಂಜಿನ್, ಹಿಂದೆ ಡಬ್ಬಿಗಳು. ಶೂರ್ ನದಿಯ ಪಕ್ಕ, ಮೌಂಟ್ ಕಾಂಗ್ರೀವ್ ತೋಟದ ಬುಡದಲ್ಲಿ ಹೋಗುತ್ತದೆ. ಒಂದು ಕಡೆ ರೈಲು, ಬೇಲಿ ಆಚೆ ಸೈಕಲ್. ಮಕ್ಕಳು ಡಬ್ಬಿಯಿಂದ ಸೈಕಲಿನವರಿಗೆ ಟಾಟಾ ಮಾಡುತ್ತಾರೆ, ನಾವು ವಾಪಸ್ ಮಾಡುತ್ತೇವೆ.

ಹಳಿ ಹುಚ್ಚ ಅವರೇ, ಎರಡೂ ಪಕ್ಕಪಕ್ಕದಲ್ಲಿ ಇರಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಳಿ ಹುಚ್ಚ

ಕಿಲ್‌ಮೀಡನ್‌ನವರ ಬಗ್ಗೆ ಕೆಟ್ಟ ಮಾತಿಲ್ಲ. ಅವರು ಗ್ರೀನ್‌ವೇಗೂ ಮೊದಲೇ ಪೊದೆ ಕಡಿದು ಹಳಿ ಹಾಕಿದವರು. ಆದರೆ 914 ಮಿಲಿಮೀಟರ್ ಹಳಿ ಆದ್ದರಿಂದಲೇ ಪಕ್ಕದಲ್ಲಿ ಸೈಕಲಿಗೆ ಜಾಗ ಸಿಕ್ಕಿತು. ಐರ್ಲೆಂಡಿನ ಮಾಮೂಲು ಹಳಿ 1600 ಮಿಲಿಮೀಟರ್. 1846ರ ಕಾಯ್ದೆಯಲ್ಲಿ ಹಾಗೆ ಗೊತ್ತು ಮಾಡಿದರು. ಆ ಅಳತೆ ಬ್ರಿಟನ್ನಿನಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ನಮ್ಮ ಬ್ರಾಡ್‌ಗೇಜ್ 1676. ಆಸ್ಟ್ರೇಲಿಯಾದ ಕೆಲವು ಕಡೆ, ಬ್ರೆಜಿಲ್‌ನಲ್ಲಿ ಈ 1600 ಇದೆ. ಒಂಟಿ ದಾರಿಯ ಸೇತುವೆ ಮೇಲೆ ಪೂರ್ತಿ ಗಾತ್ರದ ರೈಲು ಹಾಕಿದರೆ ಸೈಕಲಿಗೆ ಒಂದಿಂಚು ಜಾಗ ಇರುವುದಿಲ್ಲ. ಸುರಂಗದಲ್ಲಂತೂ ಕೇಳಲೇಬೇಡಿ. ಕಿಲ್‌ಮಕ್‌ಥಾಮಸ್‌ನಲ್ಲಿ ಎರಡರಲ್ಲಿ ಒಂದೇ.

ಸಿವಿಲ್ ಕಟ್ಟೆ

ಇದು ಸರಿ. ಆ ಸೇತುವೆ ಮೇಲೆ ಎರಡೂ ಕೂರುವುದಿಲ್ಲ.

ವಾಟರ್‌ಫರ್ಡ್ ಅಕ್ಕ

ಹಾಗಾದರೆ ನನ್ನ ಓಟು ಬದಲಾಯಿಸುತ್ತೇನೆ. ರಾಸ್ಲೇರ್ ದಾರಿ ಇದೆಯಲ್ಲ, ವಾಟರ್‌ಫರ್ಡ್‌ನಿಂದ ಬ್ಯಾರೋ ಸೇತುವೆ ಮೇಲೆ ಹೋಗುತ್ತಿದ್ದದ್ದು. 2010ರಲ್ಲಿ ಪ್ರಯಾಣಿಕರ ರೈಲು ನಿಲ್ಲಿಸಿದರು. ಅಲ್ಲಿ ಇನ್ನೂ ಹಳಿ ಇದೆ. ಕೊನೆಯಲ್ಲಿ ಬಂದರು ಇದೆ, ಹಡಗು ಇದೆ. ಇಡೀ ದ್ವೀಪದ ರೈಲು ಪರಿಶೀಲನಾ ವರದಿ 2024ರಲ್ಲಿ ಬಂತಲ್ಲ, ಅದರಲ್ಲೂ ಆ ದಾರಿ ಮತ್ತೆ ತೆರೆಯಬೇಕು ಅಂತ ಇದೆ. ಅದಕ್ಕೆ ಜಗಳ ಮಾಡಿ, ನಾನೂ ಸಹಿ ಹಾಕುತ್ತೇನೆ. ಕಿಲ್‌ಮಕ್‌ಥಾಮಸ್ ಸೇತುವೆಯನ್ನು ಸೈಕಲಿನವರಿಗೆ ಬಿಟ್ಟುಬಿಡಿ. ಊರಿಗೆ ನಾಲ್ಕು ಕಾಸು ಬರುತ್ತಿದೆ.

ಹಳಿ ಹುಚ್ಚ

ಅಕ್ಕ ಹೇಳಿದ ಮೇಲೆ ರಾಸ್ಲೇರ್ ವಿಷಯದಲ್ಲಿ ನಾನು ಜೊತೆಗಿದ್ದೇನೆ. 650 ಮೀಟರ್ ಉದ್ದದ ಬ್ಯಾರೋ ಸೇತುವೆ ತುಕ್ಕು ಹಿಡಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೆ ಬೇರೆ ಎಳೆ ಶುರು ಮಾಡುತ್ತೇನೆ. ಕಿಲ್‌ಮಕ್‌ಥಾಮಸ್ ಬಿಟ್ಟುಕೊಟ್ಟೆ ಅಂತ ಮಾತ್ರ ಅಂದುಕೊಳ್ಳಬೇಡಿ. ಡಾಲೊಮೈಟ್ ವ್ಯಾಗನ್ನಿಗೆ ಒಂದು ಫಲಕ ಹಾಕಿಸುವವರೆಗೆ ನನ್ನ ಬಾಯಿ ಮುಚ್ಚುವುದಿಲ್ಲ.

ಮಂಡ್ಯ ಮಳೆ

ಜಗಳ ಮುಗಿದಿದ್ದರೆ ಒಂದು ಕೆಲಸದ ಪ್ರಶ್ನೆ. ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ. ಜೊತೆಗೆ ಏಳು ವರ್ಷದ ಮಗಳು. 46 ಕಿಲೋಮೀಟರ್ ಆಗುವುದಿಲ್ಲ. ಎಲ್ಲಿಂದ ಎಲ್ಲಿಗೆ ಹೋಗಲಿ?

ಎರಡು ಚಕ್ರ

ಕಿಲ್‌ಮಕ್‌ಥಾಮಸ್‌ನಿಂದ ಡಂಗಾರ್ವನ್ ಕಡೆಗೆ ಮಾತ್ರ ಹೋಗಿ, ಅರ್ಧದಷ್ಟೇ ಆಗುತ್ತದೆ. ಮೂರೂ ಸೇತುವೆ, ಸುರಂಗ ಎಲ್ಲ ಆ ಅರ್ಧದಲ್ಲೇ ಸಿಗುತ್ತವೆ. ರೈಲಿಗೆ ಮಾಡಿದ ದಾರಿ ಆದ್ದರಿಂದ ಏರು ಇದ್ದರೂ ಕಾಲಿಗೆ ಗೊತ್ತಾಗುವುದಿಲ್ಲ. ಡರ್ರೋ ದಾಟಿದ ಮೇಲೆ ಕಡಲ ಕಡೆಗೆ ಇಳಿಜಾರೇ ಜಾಸ್ತಿ. ಸುರಂಗದೊಳಗೆ ದೀಪ ಇದೆ, ಆದರೆ ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ, ನೆಲ ಒದ್ದೆ. ಮಗಳಿಗೆ ನಿಧಾನ ಹೋಗಲು ಹೇಳಿ. ಸುರಂಗದ ಬಾಯಿಯ ಹತ್ತಿರ ಎರಡೂ ಬದಿಯ ಬಂಡೆ ತುಂಬ ಜರಿಗಿಡ, ಅಲ್ಲಿ ಐದು ನಿಮಿಷ ನಿಲ್ಲಿ.

ಒಂದೇ ತೊಂದರೆ, ಗಾಳಿ. ಇಲ್ಲಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ಅಂದರೆ ನಿಮ್ಮ ಮುಖಕ್ಕೆ. ಜೋರಿದ್ದರೆ ಡಂಗಾರ್ವನ್‌ನಿಂದ ಶುರು ಮಾಡಿ ಈ ಕಡೆಗೆ ಬನ್ನಿ.

ವಾಟರ್‌ಫರ್ಡ್ ಅಕ್ಕ

ಅಪ್ಪ ಅಮ್ಮನಿಗೆ ಸೈಕಲ್ ಬೇಡ. ಹಳೆ ಸ್ಟೇಷನ್ ಹತ್ತಿರ ಕಾರು ನಿಲ್ಲಿಸಿ ಸೇತುವೆ ಮೇಲೆ ನಡೆಸಿಕೊಂಡು ಹೋಗಿ, ಬಹಳ ದೂರ ಇಲ್ಲ. ಆಮೇಲೆ ಊರಿಗೆ ಇಳಿಸಿ ಕೆಳಗಿನಿಂದಲೂ ತೋರಿಸಿ. ಸಮಯ ಇದ್ದರೆ ಅದೇ ಹೊಳೆ ಹಿಡಿದು ಮೇಲೆ ಕಾಮರಾ ಬೆಟ್ಟದಲ್ಲಿರುವ ಮಾಹನ್ ಫಾಲ್ಸ್‌ಗೆ ಹೋಗಿ, ಕಾರಿನಲ್ಲಿ ಹತ್ತಿರ. ಬಾಡಿಗೆ ಸೈಕಲಿನವರು ವಾಪಸ್ ಕರೆತರಲು ವ್ಯಾನ್ ಇಟ್ಟಿರುತ್ತಾರೆ, ಶನಿವಾರ ಭಾನುವಾರ ಆದರೆ ಮೊದಲೇ ಬುಕ್ ಮಾಡಿ. ಮತ್ತೆ ಮಳೆ ಕೋಟು. ಬಿಸಿಲಿದ್ದರೂ ಮಳೆ ಕೋಟು.